ಅಲರ್ಜಿ ಇದೆ, ನಾಯಿಯೂ ಬೇಕು: ಯಾವ ತಳಿ ಎಂದು ಕೇಳುವ ಮೊದಲು

ಪ್ರಶ್ನೆ: ನನಗೆ 36 ವರ್ಷ. ಚಿಕ್ಕಂದಿನಿಂದಲೂ ಧೂಳಿನ ಅಲರ್ಜಿ ಇದೆ. ಬೆಳಿಗ್ಗೆ ಎದ್ದ ಕೂಡಲೇ ಹತ್ತು ಹದಿನೈದು ಸೀನು ಗ್ಯಾರಂಟಿ. ಹವೆ ಬದಲಾದಾಗ ಉಬ್ಬಸ ಬರುತ್ತದೆ, ಆಗ ಇನ್‌ಹೇಲರ್ ತೆಗೆದುಕೊಳ್ಳುತ್ತೇನೆ. ನಮ್ಮ ಒಂಬತ್ತು ವರ್ಷದ ಮಗಳು ಎರಡು ವರ್ಷದಿಂದ ನಾಯಿ ಬೇಕು ಎಂದು ಕೇಳುತ್ತಿದ್ದಾಳೆ. ನನಗೂ ಆಸೆ ಇದೆ. ಆದರೆ ಗೆಳತಿಯ ಮನೆಯಲ್ಲಿ ಒಂದು ಗಿಡ್ಡ ಕೂದಲಿನ ನಾಯಿ ಇದೆ, ಅಲ್ಲಿಗೆ ಹೋದ ಅರ್ಧ ಗಂಟೆಗೇ ಕಣ್ಣು ಕೆಂಪಾಗಿ ಮೂಗು ಕಟ್ಟುತ್ತದೆ. ಇನ್ನೊಬ್ಬರ ಮನೆಯ ಪೂಡಲ್ ಜೊತೆ ಒಂದು ಗಂಟೆ ಕೂತಿದ್ದೆ, ಏನೂ ಆಗಲಿಲ್ಲ. ಮರಿ ಮಾರುವವರೊಬ್ಬರು “ಇದು ಹೈಪೋಅಲರ್ಜೆನಿಕ್ ತಳಿ, ಕೂದಲು ಉದುರೋದೇ ಇಲ್ಲ, ನೂರಕ್ಕೆ ನೂರು ಅಲರ್ಜಿ ಬರಲ್ಲ” ಎನ್ನುತ್ತಿದ್ದಾರೆ. ನಂಬಬಹುದೇ? ಗಂಡು ಮರಿ ತರಬೇಕೋ ಹೆಣ್ಣೋ? ಮರಿಯಿಂದಲೇ ಸಾಕಿದರೆ ದೇಹಕ್ಕೆ ಅಭ್ಯಾಸ ಆಗುತ್ತದಂತೆ, ನಿಜವೇ? ತೊಂದರೆ ಆದರೆ ವಾಪಸ್ ಕೊಟ್ಟರಾಯಿತು ಎಂದು ನನ್ನ ಯಜಮಾನರು ಹೇಳುತ್ತಾರೆ. ಅದೊಂದು ಮಾತು ಮಾತ್ರ ನನಗೆ ಒಪ್ಪುತ್ತಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಅದು ನಿಮಗೆ ಒಪ್ಪಿಗೆಯಾಗದಿರುವುದು ಸರಿಯಾಗಿದೆ. ಅಲರ್ಜಿ ವೈದ್ಯನಾಗಿ ನನ್ನ ಬಳಿ ಬರುವವರಲ್ಲಿ ನಾಯಿ ತರುವ ಮೊದಲು ಕೇಳುವವರು ತುಂಬಾ ಕಡಿಮೆ. ತಂದು ಮೂರು ತಿಂಗಳಾದ ಮೇಲೆ, ರಾತ್ರಿ ನಿದ್ದೆ ಇಲ್ಲದೆ, ಕಣ್ಣು ಊದಿಸಿಕೊಂಡು ಬರುವವರೇ ಜಾಸ್ತಿ. ಅಷ್ಟು ಹೊತ್ತಿಗೆ ನಾಯಿಗೆ ಹೆಸರು ಇಟ್ಟಾಗಿರುತ್ತದೆ. ಮಗು ಅದನ್ನು ತಬ್ಬಿಕೊಂಡು ಮಲಗುವುದನ್ನು ರೂಢಿ ಮಾಡಿಕೊಂಡಿರುತ್ತದೆ. ಆಮೇಲೆ ನಾಯಿಯನ್ನು ಬೇರೆಯವರಿಗೆ ಕೊಡಬೇಕು ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಆ ಮಾತು ಹೇಳುವಾಗ ಎದುರಿಗೆ ಮಗು ಕೂತಿದ್ದರೆ ನನಗೆ ಈಗಲೂ ಕಷ್ಟವಾಗುತ್ತದೆ. ನೀವು ಮೊದಲೇ ಕೇಳಿದ್ದೀರಿ. ಹಾಗಾಗಿ ನಿಮ್ಮ ಕೈಯಲ್ಲಿ ಇನ್ನೂ ಎಲ್ಲ ದಾರಿಗಳೂ ಇವೆ.

ನೇರವಾಗಿ ಹೇಳಿಬಿಡುತ್ತೇನೆ. ಅಲರ್ಜಿ ಬರಿಸದ ತಳಿ ಅಂತ ಒಂದೂ ಇಲ್ಲ. ಆದರೆ ನಿಮಗೆ ಹೊಂದಿಕೊಳ್ಳುವ ಒಂದು ನಾಯಿ ಇರಬಹುದು. ಹುಡುಕಬೇಕಾದದ್ದು ತಳಿಯನ್ನಲ್ಲ, ಆ ಒಂದು ನಾಯಿಯನ್ನು.

ಎಲ್ಲರೂ ಕೂದಲನ್ನೇ ದೂರುತ್ತಾರೆ. ಕಣ್ಣಿಗೆ ಕಾಣುವುದು ಅದೇ ಅಲ್ವಾ, ಸೋಫಾ ಮೇಲೆ, ಬಟ್ಟೆ ಮೇಲೆ. ಆದರೆ ಕೂದಲು ಬರೀ ಸಾಗಿಸುವ ಗಾಡಿ. ಅಲರ್ಜಿ ತರುವುದು ನಾಯಿಯ ದೇಹದಲ್ಲಿ ತಯಾರಾಗುವ ಕೆಲವು ಪ್ರೋಟೀನ್‌ಗಳು. ಅವು ಜೊಲ್ಲಿನಲ್ಲಿವೆ, ಚರ್ಮದ ಹೊಟ್ಟಿನಲ್ಲಿವೆ, ಮೂತ್ರದಲ್ಲೂ ಇವೆ. ಇವುಗಳಲ್ಲಿ ಮುಖ್ಯವಾದದ್ದಕ್ಕೆ ಕ್ಯಾನ್ ಎಫ್ 1 ಎಂದು ಹೆಸರು. ನಾಯಿಯ ವೈಜ್ಞಾನಿಕ ಹೆಸರು ಕ್ಯಾನಿಸ್ ಫೆಮಿಲಿಯಾರಿಸ್, ಅದರ ಮೊದಲಕ್ಷರಗಳಿಂದ ಬಂದ ಹೆಸರು ಇದು. ಇದೇ ಸಾಲಿನಲ್ಲಿ 2, 3, 4, 5, 6 ಎಂದು ಬೇರೆ ಪ್ರೋಟೀನ್‌ಗಳೂ ಇವೆ. 5ನೆಯದರ ಬಗ್ಗೆ ಮುಂದೆ ಹೇಳುತ್ತೇನೆ, ನಿಮ್ಮ ಗಂಡು ಹೆಣ್ಣಿನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಇದನ್ನು ಹತ್ತಿರದಿಂದ ನೋಡಬೇಕೆಂದರೆ ಹೀಗೆ ಮಾಡಿ. ಕಿಟಕಿಯಿಂದ ಬಿಸಿಲಿನ ಕೋಲು ಒಳಗೆ ಬೀಳುವ ಹೊತ್ತಿನಲ್ಲಿ ನಾಯಿ ಇರುವ ಮನೆಗೆ ಹೋಗಿ. ಮಲಗಿದ್ದ ನಾಯಿ ಎದ್ದು ಮೈ ಕೊಡವುವುದನ್ನು ಕಾಯಿರಿ. ಕಿವಿಯಿಂದ ಬಾಲದವರೆಗೆ ಒಂದು ಸಲ ಪಟಪಟ ಅಂತ ಕೊಡವಿದರೆ ಸಾಕು, ಆ ಬಿಸಿಲಿನ ಕೋಲಿನಲ್ಲಿ ಬಿಳಿ ಪುಡಿ ತುಂಬಿಕೊಳ್ಳುತ್ತದೆ. ದೊಡ್ಡ ಚೂರುಗಳು ಕೆಳಗೆ ಇಳಿಯುತ್ತವೆ. ಸಣ್ಣವು ಅಲ್ಲೇ ತೇಲುತ್ತಾ ಇರುತ್ತವೆ, ನಾಯಿ ಬೇರೆ ಕೋಣೆಗೆ ಹೋದ ಮೇಲೂ. ನಿಮ್ಮ ಮೂಗಿಗೆ, ಎದೆಗೆ ಇಳಿಯುವುದು ಆ ಸಣ್ಣವು. ಕಣ್ಣಿಗೆ ಕಾಣದಷ್ಟು ಸಣ್ಣವೂ ಅದರಲ್ಲಿ ಬೇಕಾದಷ್ಟಿವೆ. ನಾಯಿ ತನ್ನ ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ಕೂದಲ ಮೇಲೆ ಒಣಗಿ ಪುಡಿಯಾಗುತ್ತದೆ, ಆ ಪುಡಿ ಗೋಡೆ, ಪರದೆ, ಹಾಸಿಗೆ, ಬಟ್ಟೆ ಎಲ್ಲಕ್ಕೂ ಅಂಟಿಕೊಳ್ಳುತ್ತದೆ. ಬಟ್ಟೆಗೆ ಅಂಟಿಕೊಂಡು ಊರೆಲ್ಲ ಸುತ್ತುವುದರಿಂದ ನಾಯಿಯೇ ಇಲ್ಲದ ಮನೆಗಳಲ್ಲಿ, ಶಾಲೆಗಳ ಬೆಂಚುಗಳಲ್ಲಿ ಕೂಡ ಇದು ಸಿಗುತ್ತದೆ.

ಈ ಪ್ರೋಟೀನ್‌ನಿಂದ ಬಹಳ ಜನರಿಗೆ ಏನೂ ಆಗುವುದಿಲ್ಲ. ನಿಮ್ಮಂಥವರ ದೇಹ ಮಾತ್ರ ಅದನ್ನು ಶತ್ರು ಎಂದು ತಪ್ಪು ತಿಳಿದು ಐಜಿಇ ಎಂಬ ಪ್ರತಿಕಾಯ ಮಾಡಿಕೊಂಡಿರುತ್ತದೆ. ಮತ್ತೆ ಆ ಪ್ರೋಟೀನ್ ಮೂಗಿಗೆ ಬಿದ್ದಾಗ ಅಲ್ಲಿನ ಜೀವಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುತ್ತವೆ. ನಿಮಿಷಗಳಲ್ಲೇ ಸೀನು, ತುರಿಕೆ, ಕಣ್ಣೀರು. ಇಲ್ಲಿ ಒಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ನಾಲ್ಕರಿಂದ ಎಂಟು ಗಂಟೆ ಆದ ಮೇಲೆ ಇನ್ನೊಂದು ಅಲೆ ಬರಬಹುದು. ಮಧ್ಯಾಹ್ನ ನಾಯಿ ಮುಟ್ಟಿದವರಿಗೆ ರಾತ್ರಿ ಮೂಗು ಕಟ್ಟುವುದು, ಎದೆ ಬಿಗಿಯುವುದು ಇದರಿಂದ. ಪೂಡಲ್ ಜೊತೆ ಕೂತು ಬಂದ ದಿನ ರಾತ್ರಿ ನಿಮಗೆ ಹೇಗಿತ್ತು? ನೆನಪು ಮಾಡಿಕೊಂಡು ನೋಡಿ.

ಈಗ ಮರಿ ಮಾರುವವರ ಮಾತಿಗೆ ಬರುತ್ತೇನೆ. ಹೈಪೋಅಲರ್ಜೆನಿಕ್ ಎಂಬ ಪದ ಬಂದದ್ದು ಸೌಂದರ್ಯವರ್ಧಕಗಳ ಜಾಹೀರಾತಿನಿಂದ, 1950ರ ದಶಕದಲ್ಲಿ. ಅದರ ಅರ್ಥ ಕೂಡ ಅಲರ್ಜಿ ಕಡಿಮೆ ಎಂದಷ್ಟೇ, ಅಲರ್ಜಿ ಇಲ್ಲ ಎಂದಲ್ಲ. ನಾಯಿಗಳ ವಿಷಯದಲ್ಲಿ ಆ ಕಡಿಮೆ ಕೂಡ ಸಾಬೀತಾಗಿಲ್ಲ. 2011ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಸಂಶೋಧಕರು ಒಂದೇ ನಾಯಿ ಇರುವ 173 ಮನೆಗಳಿಂದ ನೆಲದ ಧೂಳು ತೆಗೆದು ಕ್ಯಾನ್ ಎಫ್ 1 ಅಳೆದರು. 60 ತಳಿಯ ನಾಯಿಗಳಿದ್ದವು, ಅವುಗಳಲ್ಲಿ 11 ತಳಿಗಳು ಹೈಪೋಅಲರ್ಜೆನಿಕ್ ಎಂದು ಹೆಸರಾದವು. ಎರಡು ಗುಂಪಿನ ಮನೆಗಳ ಧೂಳಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ಮರುವರ್ಷ ನೆದರ್ಲೆಂಡ್ಸ್‌ನಲ್ಲಿ ಇನ್ನೂ ದೊಡ್ಡ ಅಧ್ಯಯನ ನಡೆಯಿತು. ಪೂಡಲ್, ಲ್ಯಾಬ್ರಡೂಡಲ್ (ಲ್ಯಾಬ್ರಡಾರ್ ಮತ್ತು ಪೂಡಲ್ ಸೇರಿದ ಮಿಶ್ರತಳಿ) ಮುಂತಾದ ನಾಯಿಗಳ ಕೂದಲನ್ನು ಬೇರೆ ನಾಯಿಗಳ ಕೂದಲಿನ ಜೊತೆ ಹೋಲಿಸಿದರು. ಒಳ್ಳೆಯ ಹೆಸರು ಪಡೆದ ತಳಿಗಳ ಕೂದಲಿನಲ್ಲೇ ಕ್ಯಾನ್ ಎಫ್ 1 ಜಾಸ್ತಿ ಇತ್ತು! ಗಾಳಿಯಲ್ಲಿ ತೇಲುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ವಿಷಯ. ಒಂದೇ ತಳಿಯ ಎರಡು ನಾಯಿಗಳ ನಡುವೆಯೇ ತುಂಬಾ ಅಂತರ ಇತ್ತು.

ಪೂಡಲ್, ಮಾಲ್ಟೀಸ್, ಬಿಷಾನ್‌ಗಳ ಕೂದಲು ನಿಜಕ್ಕೂ ಕಡಿಮೆ ಉದುರುತ್ತದೆ. ಆ ಮಾತು ಸುಳ್ಳಲ್ಲ. ಗುಡಿಸುವ ಕೆಲಸ ಕಡಿಮೆಯಾಗುತ್ತದೆ, ಮನೆ ಚೊಕ್ಕವಾಗಿ ಕಾಣುತ್ತದೆ. ಆದರೆ ಚರ್ಮ ಮತ್ತು ಜೊಲ್ಲು ತಮ್ಮ ಕೆಲಸ ನಿಲ್ಲಿಸುವುದಿಲ್ಲ. ಕೂದಲೇ ಇಲ್ಲದ ನಾಯಿಗಳೂ ಇವೆ, ಅವಕ್ಕೂ ಚರ್ಮ ಇದೆ, ನಾಲಿಗೆ ಇದೆ. ಬೋಳಿಸಿದರೆ ಸರಿಹೋಗುತ್ತದೆ ಎಂದು ಕೆಲವರು ನಾಯಿಯ ಮೈಯೆಲ್ಲ ಬೋಳಿಸುತ್ತಾರೆ. ಪಾಪ, ಅದರ ಚರ್ಮ ಬಿಸಿಲಿಗೆ ಬೀಳುತ್ತದೆ, ನಿಮಗೆ ಏನೂ ಸಿಗುವುದಿಲ್ಲ. ದಯವಿಟ್ಟು ಮಾಡಬೇಡಿ.

ಲ್ಯಾಬ್ರಡೂಡಲ್ ಹುಟ್ಟಿದ ಕಥೆಯನ್ನು ನಾನು ಅಲರ್ಜಿ ಇರುವವರಿಗೆಲ್ಲ ಹೇಳುತ್ತೇನೆ. 1980ರ ದಶಕದ ಕೊನೆಯಲ್ಲಿ ಹವಾಯಿಯ ಒಬ್ಬ ಅಂಧ ಮಹಿಳೆಗೆ ದಾರಿ ತೋರಿಸುವ ನಾಯಿ ಬೇಕಿತ್ತು. ಆದರೆ ಅವರ ಗಂಡನಿಗೆ ನಾಯಿ ಅಲರ್ಜಿ. ಆಸ್ಟ್ರೇಲಿಯಾದಲ್ಲಿ ಅಂಧರಿಗಾಗಿ ನಾಯಿಗಳನ್ನು ಬೆಳೆಸುತ್ತಿದ್ದ ವಾಲಿ ಕಾನ್ರನ್ ಎಂಬುವವರು ಲ್ಯಾಬ್ರಡಾರ್ ಮತ್ತು ಪೂಡಲ್ ಸೇರಿಸಿ ಮರಿ ಮಾಡಿಸಿದರು. ಮೂರು ಮರಿ ಹುಟ್ಟಿದವು. ಮೂರರ ಕೂದಲು ಮತ್ತು ಜೊಲ್ಲಿನ ಮಾದರಿಯನ್ನು ಆ ಗಂಡನಿಗೆ ಕಳಿಸಿದರು. ಮೂರರಲ್ಲಿ ಒಂದು ಮಾತ್ರ ಅವರಿಗೆ ಹೊಂದಿತು. ಅದೇ ತಾಯಿ, ಅದೇ ತಂದೆ, ಅದೇ ದಿನ ಹುಟ್ಟಿದ ಮರಿಗಳು. ಎರಡರಿಂದ ಅವರಿಗೆ ಅಲರ್ಜಿ ಬಂತು, ಒಂದರಿಂದ ಬರಲಿಲ್ಲ. ಜಗತ್ತು ಇದರಿಂದ ಲ್ಯಾಬ್ರಡೂಡಲ್ ಅಲರ್ಜಿ ತರಲ್ಲ ಎಂಬ ಪಾಠ ಕಲಿಯಿತು. ಕಲಿಯಬೇಕಿದ್ದ ಪಾಠ, ಪ್ರತಿ ಮರಿಯನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು ಎಂಬುದು. ಆ ತಳಿಯನ್ನು ಆಮೇಲೆ ಸಿಕ್ಕಾಪಟ್ಟೆ ಬೆಳೆಸಿ ಮಾರಿದ್ದನ್ನು ಕಂಡು ಕಾನ್ರನ್ ಅವರೇ ಪಶ್ಚಾತ್ತಾಪ ಪಟ್ಟರು.

ಹಾಗಾದರೆ ಆ ಪೂಡಲ್ ಜೊತೆ ನಿಮಗೆ ಏನೂ ಆಗಲಿಲ್ಲವಲ್ಲ, ಅದಕ್ಕೆ ಏನು ಹೇಳುವುದು? ಆ ನಾಯಿ ನಿಜಕ್ಕೂ ಕಡಿಮೆ ಪ್ರೋಟೀನ್ ಬಿಡುವ ನಾಯಿ ಇರಬಹುದು. ಅಥವಾ ಹಿಂದಿನ ದಿನ ಅದಕ್ಕೆ ಸ್ನಾನ ಆಗಿರಬಹುದು. ಕಿಟಕಿಗಳು ತೆರೆದಿದ್ದಿರಬಹುದು, ಆ ಮನೆಯಲ್ಲಿ ಕಾರ್ಪೆಟ್ ಇಲ್ಲದಿರಬಹುದು, ನೀವೇ ಬೆಳಿಗ್ಗೆ ಸೀನಿಗೆಂದು ಮಾತ್ರೆ ನುಂಗಿ ಹೋಗಿರಬಹುದು. ಅಲರ್ಜಿಯನ್ನು ಒಂದು ಕೊಡದಂತೆ ಯೋಚಿಸಿ. ಧೂಳು, ಪರಾಗ, ಹೊಗೆ, ನೆಗಡಿ, ನಾಯಿ ಎಲ್ಲವೂ ಅದೇ ಕೊಡಕ್ಕೆ ನೀರು ಸುರಿಯುತ್ತವೆ. ತುಳುಕಿದ ದಿನ ನಿಮಗೆ ಗೊತ್ತಾಗುತ್ತದೆ. ಅವತ್ತು ಕೊಡ ಅರ್ಧ ಇತ್ತು ಅಂತಿಟ್ಟುಕೊಳ್ಳಿ, ಒಂದು ಗಂಟೆಯ ನಾಯಿಗೆ ಜಾಗ ಇತ್ತು. ದಿನದ ಇಪ್ಪತ್ತನಾಲ್ಕು ಗಂಟೆಗೆ ಜಾಗ ಇದೆಯೇ ಎಂಬುದು ಬೇರೆ ಪ್ರಶ್ನೆ.

ಈ ಕೊಡದ ಮಾತಿನಿಂದಲೇ ನಿಮ್ಮ ಪತ್ರದಲ್ಲಿ ನನಗೆ ತುಂಬಾ ಮುಖ್ಯ ಎನಿಸಿದ ಸಾಲಿಗೆ ಬರುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಸೀನು ಎಂದು ಬರೆದಿದ್ದೀರಿ. ನಿಮ್ಮ ಮನೆಯಲ್ಲಿ ಈಗ ನಾಯಿ ಇಲ್ಲ. ಬೆಳಗಿನ ಸೀನಿಗೆ ಸಾಮಾನ್ಯವಾಗಿ ಹಾಸಿಗೆ, ದಿಂಬಿನಲ್ಲಿ ಬದುಕುವ ಧೂಳುಹುಳಗಳು ಕಾರಣ. ಗೆಳತಿಯ ಮನೆಯಲ್ಲಿ ಕಣ್ಣು ಕೆಂಪಾಗುವುದು ನಾಯಿಯಿಂದಲೋ, ಅವರ ಹಳೇ ಸೋಫಾದಲ್ಲಿರುವ ಧೂಳುಹುಳದಿಂದಲೋ? ಊಹೆ ಮಾಡಿ ಪ್ರಯೋಜನ ಇಲ್ಲ, ಪರೀಕ್ಷೆ ಮಾಡಿಸಿ. ಚರ್ಮದ ಮೇಲೆ ಒಂದೊಂದು ಹನಿ ಇಟ್ಟು ಸಣ್ಣಗೆ ಚುಚ್ಚುವ ಸ್ಕಿನ್ ಪ್ರಿಕ್ ಪರೀಕ್ಷೆಗೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಅದಕ್ಕೆ ಕೆಲವು ದಿನ ಮೊದಲು ಅಲರ್ಜಿ ಮಾತ್ರೆ ನಿಲ್ಲಿಸಬೇಕು, ಎಷ್ಟು ದಿನ ಎಂದು ನಿಮ್ಮ ವೈದ್ಯರು ಹೇಳುತ್ತಾರೆ. ಮಾತ್ರೆ ನಿಲ್ಲಿಸಲು ಆಗದವರಿಗೆ ರಕ್ತ ಪರೀಕ್ಷೆ ಇದೆ. ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ನಾಯಿ ಆಸೆ ಮುಗಿಯಿತು ಎಂದಲ್ಲ. ಪಾಸಿಟಿವ್ ಬಂದೂ ನಾಯಿ ಜೊತೆ ಆರಾಮಾಗಿ ಇರುವವರಿದ್ದಾರೆ. ಪರೀಕ್ಷೆ ಮತ್ತು ನಿಮ್ಮ ಅನುಭವ ಎರಡನ್ನೂ ಜೊತೆಗಿಟ್ಟು ಓದಬೇಕು.

ಧೂಳುಹುಳ ಮುಖ್ಯ ಕಾರಣ ಎಂದು ಗೊತ್ತಾದರೆ ಅದು ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ. ದಿಂಬು, ಹಾಸಿಗೆಗೆ ಹುಳ ದಾಟದ ಕವರ್ ಹಾಕಿ, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು, ಮೂಗಿನ ಚಿಕಿತ್ಸೆ ಸರಿಯಾಗಿ ತೆಗೆದುಕೊಂಡರೆ ಕೊಡದಲ್ಲಿ ಜಾಗ ಆಗುತ್ತದೆ. ನಾಯಿ ತರುವ ಎರಡು ಮೂರು ತಿಂಗಳ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ.

ಗಂಡೋ ಹೆಣ್ಣೋ? ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ, ಇದರಲ್ಲಿ ವಿಜ್ಞಾನ ಇದೆ. ಕ್ಯಾನ್ ಎಫ್ 5 ಎಂಬ ಪ್ರೋಟೀನ್ ತಯಾರಾಗುವುದು ಪ್ರಾಸ್ಟೇಟ್ ಗ್ರಂಥಿಯಲ್ಲಿ. ಅಂದರೆ ಗಂಡು ನಾಯಿಯಲ್ಲಿ ಮಾತ್ರ. ನಾಯಿ ಅಲರ್ಜಿ ಇರುವವರಲ್ಲಿ ಒಂದು ಪಾಲು ಜನರಿಗೆ ಇದೊಂದೇ ಪ್ರೋಟೀನ್ ಆಗುವುದಿಲ್ಲ, ಬೇರೆ ಯಾವುದಕ್ಕೂ ಅಲರ್ಜಿ ಇರುವುದಿಲ್ಲ. ಅಂಥವರು ಹೆಣ್ಣು ನಾಯಿಯ ಜೊತೆ ಚೆನ್ನಾಗಿ ಇರಬಲ್ಲರು. ನೀವು ಅವರಲ್ಲಿ ಒಬ್ಬರೇ ಎಂದು ತಿಳಿಯಲು ಪ್ರತಿ ಪ್ರೋಟೀನ್‌ಗೂ ಬೇರೆ ಬೇರೆಯಾಗಿ ಐಜಿಇ ನೋಡುವ ರಕ್ತ ಪರೀಕ್ಷೆ ಬೇಕು. ಎಲ್ಲ ಲ್ಯಾಬ್‌ಗಳೂ ಇದನ್ನು ಮಾಡುವುದಿಲ್ಲ, ವೈದ್ಯರ ಬಳಿ ಹೆಸರು ಹಿಡಿದು ಕೇಳಿ. ನಿಮಗೆ ಕ್ಯಾನ್ ಎಫ್ 1 ಕೂಡ ಆಗುವುದಿಲ್ಲ ಎಂದರೆ ಗಂಡು ಹೆಣ್ಣಿನಿಂದ ದೊಡ್ಡ ವ್ಯತ್ಯಾಸ ಆಗದು. ಬೆಕ್ಕು, ಕುದುರೆ ಹತ್ತಿರ ಹೋದಾಗಲೂ ಸೀನು ಬರುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಕ್ಯಾನ್ ಎಫ್ 6ಕ್ಕೆ ಆ ಎರಡೂ ಪ್ರಾಣಿಗಳ ಪ್ರೋಟೀನ್ ಜೊತೆ ಹೋಲಿಕೆ ಇದೆ.

ಇನ್ನು, ಮರಿಯಿಂದ ಸಾಕಿದರೆ ಅಭ್ಯಾಸ ಆಗುತ್ತದೆ ಎಂಬ ಮಾತು. ಕೆಲವರಿಗೆ ತಮ್ಮ ಮನೆಯ ನಾಯಿ ನಿಧಾನಕ್ಕೆ ಒಗ್ಗುವುದುಂಟು, ಅದನ್ನು ನಾನೂ ನೋಡಿದ್ದೇನೆ. ಆದರೆ ಅದೇ ನಾಯಿ ಜೊತೆ ವರ್ಷ ಕಳೆದಂತೆ ಉಬ್ಬಸ ಜಾಸ್ತಿಯಾದವರನ್ನೂ ನೋಡಿದ್ದೇನೆ. ಯಾರಿಗೆ ಯಾವುದು ಎಂದು ಮೊದಲೇ ಹೇಳುವ ಸಾಧನ ನಮ್ಮ ಬಳಿ ಇಲ್ಲ. ಹಾಗಾಗಿ ಅದರ ಮೇಲೆ ಲೆಕ್ಕ ಹಾಕಿ ಮರಿ ತರಬೇಡಿ. ನಾಯಿ ಇರುವ ಮನೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಅಲರ್ಜಿ ಕಡಿಮೆ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಅದು ಎಳೆಯ ಮಕ್ಕಳ ವಿಷಯ. ಅಲರ್ಜಿ ಈಗಾಗಲೇ ಬಂದಿರುವ ದೊಡ್ಡವರಿಗೆ ಅನ್ವಯಿಸುವುದಿಲ್ಲ.

ನಿಜ ಹೇಳಬೇಕೆಂದರೆ, ನಿಮ್ಮ ಪರಿಸ್ಥಿತಿಯಲ್ಲಿ ನಾನು ಮರಿಯನ್ನೇ ತರಬೇಡಿ ಎನ್ನುತ್ತೇನೆ. ಬೆಳೆದ ನಾಯಿ ನೋಡಿ. ಮರಿಯ ಚರ್ಮ, ಗಾತ್ರ, ಹಾರ್ಮೋನ್ ಎಲ್ಲ ಮುಂದೆ ಬದಲಾಗುತ್ತವೆ. ಎಂಟು ವಾರದ ಮರಿಯನ್ನು ಎದೆಗೆ ಒತ್ತಿಕೊಂಡು ಏನೂ ಆಗಲಿಲ್ಲ ಎಂದು ಖುಷಿಪಟ್ಟರೆ, ಒಂದು ವರ್ಷದ ನಂತರದ ನಾಯಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಎರಡು ಮೂರು ವರ್ಷದ ನಾಯಿಯಾದರೆ ಇವತ್ತು ಪರೀಕ್ಷೆ ಮಾಡಿದ್ದೇ ನಾಳೆಯೂ ಮನೆಯಲ್ಲಿರುತ್ತದೆ. ಗುಣವೂ ಗೊತ್ತಿರುತ್ತದೆ, ಮಕ್ಕಳ ಜೊತೆ ಹೇಗಿರುತ್ತದೆ ಎಂದೂ ನೋಡಬಹುದು. ಆಸರೆ ಕೇಂದ್ರಗಳಲ್ಲಿ ಇಂಥ ನಾಯಿಗಳು ಮನೆಗಾಗಿ ಕಾಯುತ್ತಿರುತ್ತವೆ. ಮಗಳಿಗೆ ಪುಟ್ಟ ಮರಿಯೇ ಬೇಕು ಅನ್ನಿಸುವುದು ಸಹಜ. ಅವಳಿಗೆ ಕಾರಣ ಬಿಡಿಸಿ ಹೇಳಿ. ಒಂಬತ್ತು ವರ್ಷದ ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ನಾಯಿ ಸಿಕ್ಕಿತು ಅಂತಿಟ್ಟುಕೊಳ್ಳಿ. ಒಂದು ಭೇಟಿಯಲ್ಲಿ ತೀರ್ಮಾನ ಮಾಡಬೇಡಿ. ನಾಲ್ಕೈದು ಸಲ ಹೋಗಿ, ಬೇರೆ ಬೇರೆ ದಿನ, ಪ್ರತಿ ಸಲ ಒಂದೆರಡು ಗಂಟೆ. ಆ ದಿನಗಳಲ್ಲಿ ಅಲರ್ಜಿ ಮಾತ್ರೆ ತೆಗೆದುಕೊಳ್ಳದೆ ಹೋದರೆ ನಿಜಸ್ಥಿತಿ ಗೊತ್ತಾಗುತ್ತದೆ. ಆದರೆ ಉಬ್ಬಸಕ್ಕೆಂದು ವೈದ್ಯರು ದಿನಾ ಬಳಸಲು ಹೇಳಿದ ಇನ್‌ಹೇಲರ್ ಯಾವ ಕಾರಣಕ್ಕೂ ನಿಲ್ಲಿಸಬೇಡಿ, ತುರ್ತಿನ ಇನ್‌ಹೇಲರ್ ಬ್ಯಾಗಿನಲ್ಲಿರಲಿ. ಸಾಧ್ಯವಾದರೆ ಒಂದು ಭೇಟಿ ಮುಚ್ಚಿದ ಕೋಣೆಯಲ್ಲಿರಲಿ, ಅಂಗಳದಲ್ಲಿ ಎಲ್ಲರೂ ಆರಾಮಾಗಿಯೇ ಇರುತ್ತಾರೆ. ನಾಯಿಯನ್ನು ಸವರಿ, ತಬ್ಬಿಕೊಳ್ಳಿ. ಅದು ಕೈ ನೆಕ್ಕಿದ ಜಾಗದಲ್ಲಿ ಕಾಲು ಗಂಟೆಯೊಳಗೆ ಕೆಂಪಗೆ ಗಂಧೆ ಎದ್ದರೆ ಅದರ ಜೊಲ್ಲು ನಿಮಗೆ ಆಗುವುದಿಲ್ಲ ಎಂದು ಅರ್ಥ. ಮನೆಗೆ ಬಂದ ಮೇಲೆ ರಾತ್ರಿ ಹೇಗಿತ್ತು, ಮರುದಿನ ಬೆಳಿಗ್ಗೆ ಹೇಗಿತ್ತು ಎಂದು ಬರೆದಿಡಿ. ನೆನಪಿಗೆ ಬಿಟ್ಟರೆ ಆಸೆ ನೆನಪನ್ನು ತಿದ್ದಿಬಿಡುತ್ತದೆ.

ನಾಯಿಯ ಚರ್ಮವನ್ನೂ ನೋಡಿ. ಇದನ್ನು ಬಹಳ ಜನ ಮಾಡುವುದಿಲ್ಲ, ನನ್ನ ಪ್ರಕಾರ ತಳಿಗಿಂತ ಇದು ಮುಖ್ಯ. ಬೆನ್ನಿನ ಮೇಲೆ, ಬಾಲದ ಬುಡಕ್ಕೆ ಸ್ವಲ್ಪ ಮುಂದೆ, ಎರಡೂ ಹೆಬ್ಬೆರಳಿನಿಂದ ಕೂದಲನ್ನು ಬಿಡಿಸಿ ಬೈತಲೆ ತೆಗೆದಂತೆ ಮಾಡಿ. ಆರೋಗ್ಯವಾಗಿದ್ದರೆ ಚರ್ಮ ನುಣ್ಣಗೆ, ಒಣಗಿದ ಹಾಗೂ ಅಲ್ಲ ಜಿಡ್ಡೂ ಅಲ್ಲ ಎಂಬಂತೆ ಇರುತ್ತದೆ. ಕೂದಲ ಬುಡದಲ್ಲಿ ಬಿಳಿ ಹೊಟ್ಟು ಅಂಟಿಕೊಂಡಿದ್ದರೆ, ಬೆರಳಿಗೆ ಎಣ್ಣೆ ಹತ್ತಿದರೆ, ವಾಸನೆ ಬಂದರೆ, ನಾಯಿ ಪದೇ ಪದೇ ಕೆರೆದುಕೊಳ್ಳುತ್ತಿದ್ದರೆ ಚರ್ಮದ ತೊಂದರೆ ಇದೆ. ಸಾಮಾನ್ಯವಾಗಿ ನಾಯಿಯ ಮೇಲ್ಚರ್ಮ ಸುಮಾರು ಮೂರು ವಾರಕ್ಕೊಮ್ಮೆ ಹೊಸದಾಗುತ್ತದೆ. ಸೆಬೊರಿಯಾ ಎಂಬ ಚರ್ಮದ ಕಾಯಿಲೆ ಇದ್ದರೆ ಕೆಲವೇ ದಿನಕ್ಕೊಮ್ಮೆ ಹೊಟ್ಟು ಬಿಡುತ್ತದೆ. ಅಂಥ ನಾಯಿಗಳಲ್ಲಿ ಕ್ಯಾನ್ ಎಫ್ 1 ಕೂಡ ಜಾಸ್ತಿ ಕಂಡುಬಂದಿದೆ. ಇಷ್ಟವಾದ ನಾಯಿಗೆ ಚರ್ಮದ ತೊಂದರೆ ಇದ್ದರೆ ಮೊದಲು ಪಶುವೈದ್ಯರಿಂದ ಚಿಕಿತ್ಸೆ ಆಗಲಿ, ಆಮೇಲೆ ಮತ್ತೆ ಭೇಟಿ ಮಾಡಿ. ಗಾತ್ರದ ವಿಷಯ ಸರಳ. ಚಿಕ್ಕ ನಾಯಿಗೆ ಚರ್ಮ ಕಡಿಮೆ, ಸ್ನಾನ ಮಾಡಿಸುವುದೂ ಸುಲಭ. ಜೊಲ್ಲು ಸುರಿಸುವ ಜೋಲು ತುಟಿಯ ನಾಯಿಗಳು ನಿಮಗೆ ಬೇಡ.

ಭೇಟಿಗಳೆಲ್ಲ ಚೆನ್ನಾಗಿ ಆದವು ಎಂದರೆ ನೇರವಾಗಿ ದತ್ತು ಪಡೆಯುವ ಬದಲು, ತಾತ್ಕಾಲಿಕವಾಗಿ ನಾಲ್ಕಾರು ವಾರ ಮನೆಯಲ್ಲಿಟ್ಟುಕೊಳ್ಳಲು ಅವಕಾಶ ಕೊಡುತ್ತಾರೆಯೇ ಎಂದು ಕೇಳಿ. ಕೆಲವು ಕೇಂದ್ರಗಳು ಕೊಡುತ್ತವೆ. ವಾರ ಸಾಲದು. ಪ್ರೋಟೀನ್ ಮನೆಯಲ್ಲಿ ತುಂಬಿಕೊಳ್ಳಲು ಸಮಯ ಬೇಕು, ಮೊದಲ ವಾರದ ಗೆಲುವನ್ನು ನಂಬಬೇಡಿ. ಇದನ್ನು ಮಗಳಿಗೆ ಮೊದಲ ದಿನವೇ ಹೇಳಿ: ಈ ನಾಯಿ ನಮ್ಮನೆಗೆ ಅತಿಥಿಯಾಗಿ ಬರುತ್ತಿದೆ, ಅಮ್ಮನ ಉಸಿರು ಚೆನ್ನಾಗಿದ್ದರೆ ಉಳಿಯುತ್ತದೆ ಎಂದು. ನಿಮ್ಮ ಯಜಮಾನರ ವಾಪಸ್ ಕೊಡುವ ಮಾತಿಗೂ ಇದಕ್ಕೂ ಅಂತರ ಇದೆ. ಇಲ್ಲಿ ನಾಯಿ ಹೋಗುವ ಜಾಗ ಮೊದಲೇ ಗೊತ್ತಿದೆ, ಯಾರಿಗೂ ಮೋಸ ಆಗುವುದಿಲ್ಲ. ಆದರೂ ಮಗುವಿಗೂ ನಾಯಿಗೂ ನೋವು ಇದ್ದೇ ಇರುತ್ತದೆ. ಹಾಗಾಗಿಯೇ ಮೊದಲ ಹಂತಗಳನ್ನು ಬಿಟ್ಟು ಇಲ್ಲಿಗೆ ಹಾರಬೇಡಿ.

ನಾಯಿ ಬಂದ ಮೇಲೆ ಮನೆಯಲ್ಲಿ ಮಾಡುವ ಕೆಲಸಗಳಲ್ಲಿ ಒಂದೇ ಒಂದನ್ನು ಪಾಲಿಸಿ ಎಂದರೆ ನಾನು ಹೇಳುವುದು ಇದು: ನೀವು ಮಲಗುವ ಕೋಣೆಗೆ ನಾಯಿ ಬರಬಾರದು. ಒಂದು ದಿನವೂ, ಗುಡುಗು ಸಿಡಿಲಿನ ರಾತ್ರಿಯೂ. ದಿನದ ಏಳೆಂಟು ಗಂಟೆ ನಿಮ್ಮ ಮೂಗಿಗೆ ಬಿಡುವು ಸಿಗುವ ಜಾಗ ಅದೊಂದೇ. ನಾಯಿ ಆಡಿದ ಬಟ್ಟೆಯಲ್ಲೇ ಹಾಸಿಗೆ ಮೇಲೆ ಉರುಳಬೇಡಿ. ಆ ಕೋಣೆಯಲ್ಲಿ ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಇಟ್ಟರೆ ಒಳ್ಳೆಯದು, 0.3 ಮೈಕ್ರಾನ್ ಗಾತ್ರದ ಕಣಗಳನ್ನೂ ಶೇ. 99.97ರಷ್ಟು ಹಿಡಿಯುವ ಫಿಲ್ಟರ್ ಅದು. ಆದರೆ ಅದು ಗಾಳಿಯಲ್ಲಿರುವುದನ್ನು ಹಿಡಿಯುತ್ತದೆ, ಸೋಫಾ ಒಳಗೆ ಸೇರಿಕೊಂಡಿದ್ದನ್ನಲ್ಲ. ಕಾರ್ಪೆಟ್, ದಪ್ಪ ಪರದೆ ತೆಗೆದರೆ ಅರ್ಧ ಕೆಲಸ ಮುಗಿದಂತೆ. ಒಣ ಕಸಬರಿಗೆ ಬೇಡ, ಒದ್ದೆ ಬಟ್ಟೆಯಿಂದ ಒರೆಸಿ. ನಾಯಿಗೆ ಬ್ರಷ್ ಮಾಡುವ ಕೆಲಸ ನಿಮ್ಮದಲ್ಲ. ಅದು ಯಜಮಾನರದ್ದು, ಮನೆಯ ಹೊರಗೆ ಮಾಡಲಿ.

ಸ್ನಾನದ ವಿಷಯ ಸ್ವಲ್ಪ ಸೂಕ್ಷ್ಮ. ಸ್ನಾನ ಮಾಡಿಸಿದರೆ ಮೈಮೇಲಿನ ಪ್ರೋಟೀನ್ ಚೆನ್ನಾಗಿ ಇಳಿಯುತ್ತದೆ, ಆದರೆ ಎರಡು ಮೂರು ದಿನದಲ್ಲಿ ಮತ್ತೆ ಹಳೇ ಮಟ್ಟಕ್ಕೆ ಬರುತ್ತದೆ. ಪೂರ್ತಿ ಪ್ರಯೋಜನ ಬೇಕೆಂದರೆ ವಾರಕ್ಕೆ ಎರಡು ಸಲ ಮಾಡಿಸಬೇಕು. ಎಲ್ಲ ನಾಯಿಗಳ ಚರ್ಮವೂ ಅದನ್ನು ತಡೆಯುವುದಿಲ್ಲ. ಒಣಗಿ ಹೊಟ್ಟು ಏಳಲು ಶುರುವಾದರೆ ಮಾಡಿದ್ದೆಲ್ಲ ತಿರುಗುಬಾಣ. ನಾಯಿಗೆಂದೇ ಮಾಡಿದ ಮೃದು ಶಾಂಪೂ ಬಳಸಿ, ನಮ್ಮದು ಬೇಡ, ನಾಯಿಯ ಚರ್ಮದ ಆಮ್ಲೀಯತೆಯೇ ಬೇರೆ. ಎಷ್ಟು ದಿನಕ್ಕೊಮ್ಮೆ ಎಂದು ಪಶುವೈದ್ಯರೇ ಆ ನಾಯಿ ನೋಡಿ ಹೇಳಲಿ. ಮಧ್ಯದ ದಿನಗಳಲ್ಲಿ ಒದ್ದೆ ಬಟ್ಟೆಯಿಂದ ಮೈ ಒರೆಸುವುದೂ ಸ್ವಲ್ಪ ಸಹಾಯ ಮಾಡುತ್ತದೆ, ಹೊರಗಿನಿಂದ ಬಂದಾಗ ಅಂಟಿದ ಪರಾಗವೂ ಹೋಗುತ್ತದೆ.

ಔಷಧಿಗೆ ಹೆದರಬೇಡಿ. ನಿದ್ದೆ ತರದ ಹೊಸ ಮಾತ್ರೆಗಳು ಸೀನು, ತುರಿಕೆಗೆ ಒಳ್ಳೆಯವು. ಕಟ್ಟಿದ ಮೂಗಿಗೆ ಮಾತ್ರೆಗಿಂತ ಸ್ಟಿರಾಯ್ಡ್ ಸ್ಪ್ರೇ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಟಿರಾಯ್ಡ್ ಎಂಬ ಹೆಸರು ಕೇಳಿ ಗಾಬರಿಯಾಗುವವರು ತುಂಬಾ ಜನ, ಆದರೆ ಮೂಗಿನ ಸ್ಪ್ರೇಯಿಂದ ರಕ್ತಕ್ಕೆ ಸೇರುವ ಪ್ರಮಾಣ ಬಹಳ ಕಡಿಮೆ. ಒಂದೆರಡು ದಿನ ಹೊಡೆದು ಪ್ರಯೋಜನ ಇಲ್ಲ ಎಂದು ಬಿಟ್ಟುಬಿಡುತ್ತಾರೆ. ಅದು ಪೂರ್ತಿ ಹಿಡಿಯಲು ಹಲವು ದಿನ ಬೇಕು. ಹೊಡೆಯುವಾಗ ತುದಿ ಮೂಗಿನ ನಡುಗೋಡೆ ಕಡೆಗಲ್ಲ, ಅದೇ ಬದಿಯ ಕಿವಿಯ ಕಡೆಗೆ ಇರಲಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ ಬಳಸಿದರೆ ತಾನಾಗಿಯೇ ಸರಿಯಾಗುತ್ತದೆ. ಇಮ್ಯುನೊಥೆರಪಿ ಎಂಬ ಚಿಕಿತ್ಸೆಯೂ ಇದೆ. ಅಲರ್ಜಿ ವಸ್ತುವನ್ನೇ ಚಿಕ್ಕ ಚಿಕ್ಕ ಪ್ರಮಾಣದಲ್ಲಿ ಕೊಡುತ್ತಾ ದೇಹಕ್ಕೆ ಒಗ್ಗಿಸುವುದು. ಮೂರರಿಂದ ಐದು ವರ್ಷ ಹಿಡಿಯುತ್ತದೆ. ಧೂಳುಹುಳ, ಪರಾಗದ ಅಲರ್ಜಿಗೆ ಇದರ ಫಲ ಚೆನ್ನಾಗಿದೆ. ನಾಯಿ ಅಲರ್ಜಿಗೆ ಅಷ್ಟು ಗಟ್ಟಿ ಆಧಾರ ಇನ್ನೂ ಇಲ್ಲ. ನಾಯಿ ತರಲೆಂದೇ ಇದನ್ನು ಶುರು ಮಾಡಿ ಎಂದು ನಾನು ಹೇಳುವುದಿಲ್ಲ. ಆದರೆ ಪರೀಕ್ಷೆಯಲ್ಲಿ ನಿಮಗೆ ಧೂಳುಹುಳವೇ ಮುಖ್ಯ ಎಂದು ಬಂದರೆ ಯೋಚಿಸಬಹುದು.

ಈಗ ಬೇಡ ಎನ್ನಬೇಕಾದ ಗೆರೆ. ನಿಮ್ಮ ಉಬ್ಬಸದ ಬಗ್ಗೆ ಒಂದೇ ಸಾಲು ಬರೆದಿದ್ದೀರಿ, ನನಗೆ ಅದರ ಬಗ್ಗೆಯೇ ಜಾಸ್ತಿ ಚಿಂತೆ. ಮೂಗಿನ ತೊಂದರೆ ಕಿರಿಕಿರಿ ಮಾಡುತ್ತದೆ, ಉಬ್ಬಸ ಜೀವಕ್ಕೆ ಬರಬಹುದು. ತುರ್ತಿನ ಇನ್‌ಹೇಲರ್ ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಕಾಗುತ್ತಿದ್ದರೆ, ರಾತ್ರಿ ಕೆಮ್ಮಿಗೆ, ಉಸಿರಿಗೆ ಎಚ್ಚರ ಆಗುತ್ತಿದ್ದರೆ, ಕಳೆದ ವರ್ಷದಲ್ಲಿ ಆಸ್ಪತ್ರೆಗೆ ಓಡಿದ್ದರೆ, ನಿಮ್ಮ ಉಬ್ಬಸ ಹತೋಟಿಯಲ್ಲಿಲ್ಲ. ಅದು ಹತೋಟಿಗೆ ಬರುವವರೆಗೆ ಯಾವ ನಾಯಿಯೂ ಬೇಡ, ಎಷ್ಟೇ ಚಿಕ್ಕದಿರಲಿ. ಪ್ರಯೋಗದ ಭೇಟಿಗಳೂ ಬೇಡ. ಭೇಟಿಯಲ್ಲಿ ಎದೆ ಬಿಗಿದರೆ ಅಥವಾ ಸುಯ್ ಎಂದು ಸದ್ದು ಬಂದರೆ ಆ ನಾಯಿಯ ವಿಷಯ ಅಲ್ಲಿಗೇ ಮುಗಿಸಿ. ಬರೀ ಸೀನು, ಕಣ್ಣಿನ ತುರಿಕೆ ಮಾತ್ರ ಇದ್ದು, ಸ್ಪ್ರೇಯಿಂದ ಹಿಡಿತಕ್ಕೆ ಬರುತ್ತಿದ್ದರೆ ಮುಂದುವರಿಯಬಹುದು. ನಾಯಿ ಬಂದ ಮೇಲೂ ಮೊದಲ ಮೂರು ತಿಂಗಳು ಬೆಳಿಗ್ಗೆ ಸಂಜೆ ಪೀಕ್ ಫ್ಲೋ ಮೀಟರ್ (ಉಸಿರನ್ನು ಎಷ್ಟು ವೇಗವಾಗಿ ಹೊರಹಾಕುತ್ತೀರಿ ಎಂದು ಅಳೆಯುವ ಸಣ್ಣ ಸಾಧನ) ಊದಿ ಅಂಕಿ ಬರೆದಿಡಿ. ಎದೆ ಬಿಗಿಯುವುದು ನಿಮಗೆ ಗೊತ್ತಾಗುವ ಮೊದಲೇ ಅಂಕಿ ಇಳಿಯುತ್ತಾ ಬರಬಹುದು.

ಎಲ್ಲ ನೋಡಿ, ಎಲ್ಲ ಮಾಡಿ, ಆಗಲಿಲ್ಲ ಎಂದರೆ? ಆ ಸಾಧ್ಯತೆಯನ್ನು ಮಗಳ ಜೊತೆ ಈಗಲೇ ಮಾತಾಡಿ. ಬೇರೆಯವರ ನಾಯಿಯನ್ನು ದಿನಾ ಸಂಜೆ ಅಪ್ಪನ ಜೊತೆ ಅವಳು ವಾಕಿಂಗ್ ಕರೆದೊಯ್ಯಬಹುದು, ಆಸರೆ ಕೇಂದ್ರದಲ್ಲಿ ರಜಾದಿನ ಕೆಲಸ ಮಾಡಬಹುದು. ಬಂದ ಮೇಲೆ ಬಟ್ಟೆ ಬದಲಿಸಿ, ಕೈ ಮುಖ ತೊಳೆದು ನಿಮ್ಮ ಬಳಿ ಬರಲಿ. ನಾಯಿ ಮನೆಯಲ್ಲಿದ್ದು ಆಮೇಲೆ ಹೋದರೂ ಪ್ರೋಟೀನ್ ತಿಂಗಳುಗಟ್ಟಲೆ ಮನೆಯಲ್ಲೇ ಉಳಿಯುತ್ತದೆ ಎಂಬುದೂ ನೆನಪಿರಲಿ. ನಾಯಿ ಹೋದ ಮೇಲೂ ಸೀನುತ್ತಿದ್ದೇನೆ, ಹಾಗಾದರೆ ನಾಯಿ ಕಾರಣ ಅಲ್ಲ ಎಂದು ತಪ್ಪು ಲೆಕ್ಕ ಹಾಕಿ ಮತ್ತೊಂದು ನಾಯಿ ತಂದವರಿದ್ದಾರೆ.

ಮರಿ ಮಾರುವವರಿಗೆ ಈಗ ಯಾವ ಮುಂಗಡವನ್ನೂ ಕೊಡಬೇಡಿ. ಮೊದಲು ಪರೀಕ್ಷೆಗೆ ಸಮಯ ಗೊತ್ತು ಮಾಡಿಕೊಳ್ಳಿ, ಉಬ್ಬಸದ ಬಗ್ಗೆ ವೈದ್ಯರ ಬಳಿ ವಿವರವಾಗಿ ಮಾತಾಡಿ, ದಿಂಬಿಗೆ ಕವರ್ ಹಾಕಿ. ಆ ಪೂಡಲ್ ಇರುವ ಮನೆಯವರನ್ನು ಕೇಳಿ, ಇನ್ನೂ ನಾಲ್ಕು ಸಲ ಬರಬಹುದೇ ಎಂದು. ಅದಕ್ಕೆ ಸ್ನಾನ ಮಾಡಿಸಿ ವಾರವಾದ ಮೇಲಿನ ದಿನ ನೋಡಿ ಹೋಗಿ. ಮಗಳನ್ನೂ ಕರೆದುಕೊಂಡು ಹೋಗಿ, ಸಮಯ ಮತ್ತು ಸೀನುಗಳ ಲೆಕ್ಕ ಬರೆಯುವ ಪುಸ್ತಕ ಅವಳ ಕೈಯಲ್ಲಿರಲಿ.